ಸದ್ದಿಲ್ಲದ ಪೆಟ್ಟಿಗೆ

ನವಿ ಮುಂಬೈನ ಕಾಮೋಠೆಯಲ್ಲಿ ರಾತ್ರಿ ಹನ್ನೊಂದು ದಾಟಿದರೆ ಸಾಯನ್–ಪನ್ವೇಲ್ ಹೆದ್ದಾರಿಯ ಲಾರಿಗಳು ಕೇಳುತ್ತವೆ, ಮಾನಸರೋವರ ನಿಲ್ದಾಣದಿಂದ ಹೊರಡುವ ಲೋಕಲ್ ರೈಲು ಕೇಳುತ್ತದೆ. ನನ್ನ ಮೇಜಿನ ಕೆಳಗೆ ಓಡುತ್ತಿರುವ ಕಂಪ್ಯೂಟರ್ ಮಾತ್ರ ಕೇಳುವುದಿಲ್ಲ. ಮಗು ಅದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗ ತಂದು ನಾನೇ ಜೋಡಿಸಿದ್ದು. ಅದರಲ್ಲಿ ನಾನು ಮನಸೋತದ್ದು ಪ್ರೊಸೆಸರ್ ತಣಿಸುವ ಕೂಲರಿನ ತಾಮ್ರದ ಕೊಳವೆಗೆ. ಗಾಳಿ ತೆಗೆದು ಮುಚ್ಚಿದ ಆ ಕೊಳವೆಯೊಳಗೆ ಒಂದಿಷ್ಟೇ ನೀರು. ಪ್ರೊಸೆಸರಿನ ಬಿಸಿ ತಾಗಿದ ಕಡೆ ಆವಿಯಾಗುತ್ತದೆ, ಅಲ್ಯೂಮಿನಿಯಂ ತಗಡುಗಳ ನಡುವೆ ತಣಿದು ಹನಿಯಾಗುತ್ತದೆ, ಒಳಗೋಡೆಯ ಸಣ್ಣ ರಂಧ್ರಗಳ ಪದರ ಹಿಡಿದು ಮರಳುತ್ತದೆ. ಹಣತೆಯ ಬತ್ತಿ ಎಣ್ಣೆ ಹೀರುವ ಹಾಗೆ. ಪಂಪೂ ಬೇಡ, ಸದ್ದೂ ಇಲ್ಲ.

ಆ ತಗಡುಗಳಿಗೆ ಗಾಳಿ ಊದುವ ಫ್ಯಾನು ದೊಡ್ಡದಿದ್ದರೆ ನಿಧಾನವಾಗಿ ತಿರುಗಿದರೂ ಸಾಕು. ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2018ರಲ್ಲಿ ತಂದ 120 ಮಿಲಿಮೀಟರ್ ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಬರೀ ಅರ್ಧ ಮಿಲಿಮೀಟರ್ ಸಂದು. ಎಂಥ ಕೈಚಳಕ!

ಇಲ್ಲಿ ಧೂಳು ಜಾಸ್ತಿ. ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಬ್ರಶ್ಶಿನಿಂದ ಮೆಲ್ಲಗೆ ಗುಡಿಸುತ್ತೇನೆ. ಮತ್ತೆ ಆನ್ ಮಾಡಿದಾಗ, ಮುಂದಿನ ಪುಟ್ಟ ದೀಪ ನೋಡಿಯೇ ಓಡುತ್ತಿದೆಯೆಂದು ತಿಳಿಯಬೇಕು.