ನಾಡಿ ಹಿಡಿಯದ ಮದ್ದು: ಸ್ಮಾರ್ಟ್ ಟಿವಿ ದುರಸ್ತಿಯ ರೂಢಿಯನ್ನು ಕುರಿತು

ಸ್ಮಾರ್ಟ್ ಟಿವಿಯಲ್ಲಿ ಸಿನಿಮಾ ನಡುವೆಯೇ ನಿಂತು ಪರದೆಯ ಮೇಲೆ ಚಕ್ರ ಸುತ್ತತೊಡಗಿದಾಗ ನೋಡುಗರಿಗೆ ದೊರೆಯುವ ಸಲಹೆಗಳು, ಟಿವಿ ಯಾವ ಕಂಪನಿಯದಾದರೂ ಆ್ಯಪ್ ಯಾವುದಾದರೂ, ಹೆಚ್ಚುಕಡಿಮೆ ಒಂದೇ ಸರಣಿಯಲ್ಲಿರುತ್ತವೆ. ಮೊದಲು ಟಿವಿಯನ್ನು ಆಫ್ ಮಾಡಿ ಆನ್ ಮಾಡಬೇಕು, ಆಮೇಲೆ ರೂಟರಿಗೂ ಅದೇ ಉಪಚಾರ ನಡೆಯಬೇಕು, ಅದರಿಂದಲೂ ಆಗದಿದ್ದರೆ ಆ್ಯಪ್ ತನ್ನ ಅನುಕೂಲಕ್ಕೆಂದು ಉಳಿಸಿಕೊಂಡಿರುವ ತಾತ್ಕಾಲಿಕ ದತ್ತಾಂಶವನ್ನು, ಅಂದರೆ ಕ್ಯಾಷ್ ಅನ್ನು, ಅಳಿಸಬೇಕು. ಕೊನೆಯ ಅಸ್ತ್ರವಾಗಿ ಟಿವಿಯನ್ನು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿಸುವ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಈ ಸರಣಿ ಸುಲಭದಿಂದ ಕಷ್ಟದ ಕಡೆಗೆ ಸಾಗುತ್ತದೆಯೇ ಹೊರತು ಲಕ್ಷಣದಿಂದ ಕಾರಣದ ಕಡೆಗೆ ಸಾಗುವುದಿಲ್ಲ. ತೊಂದರೆ ಏನೆಂದು ಕೇಳುವ ಮೊದಲೇ ಮದ್ದು ಕೈಗೆ ಬಂದಿರುತ್ತದೆ ಎಂಬುದೇ ಈ ರೂಢಿಯ ಮೂಲದೋಷ.

ದೋಷವನ್ನು ಅಳೆಯುವುದಕ್ಕೆ ಮುನ್ನ ಸ್ಟ್ರೀಮಿಂಗ್ ನಡೆಯುವ ಬಗೆಯನ್ನು ತಿಳಿಯಬೇಕಾಗುತ್ತದೆ. ಅಂತರ್ಜಾಲದಿಂದ ಬರುವ ಚಿತ್ರ ಇಡಿಯಾಗಿ ಬರುವುದಿಲ್ಲ. ಆ್ಯಪಲ್ ಕಂಪನಿ 2009ರಲ್ಲಿ ಹೊರತಂದ ಎಚ್‌ಎಲ್‌ಎಸ್ ಮತ್ತು 2012ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಡ್ಯಾಶ್ ಎಂಬ ವಿಧಾನಗಳಲ್ಲಿ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ ಇಟ್ಟಿರುತ್ತಾರೆ. ಟಿವಿಯಲ್ಲಿರುವ ಆ್ಯಪ್ ಹಿಂದಿನ ತುಣುಕುಗಳು ಬಂದ ವೇಗವನ್ನೂ ತನ್ನ ಬಳಿ ಉಳಿದಿರುವ ಸಂಗ್ರಹವನ್ನೂ ನೋಡಿಕೊಂಡು ಮುಂದಿನ ತುಣುಕು ಯಾವ ಗುಣಮಟ್ಟದ್ದಿರಬೇಕೆಂದು ನಿರ್ಧರಿಸುತ್ತದೆ. ಹೀಗೆ ಮುಂಗಡವಾಗಿ ತರಿಸಿಟ್ಟ ಸಂಗ್ರಹವೇ ಬಫರ್. ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬೀದಿಯ ಕೊಳಾಯಿಯಲ್ಲಿ ನೀರು ಬಂದು ಬಂದು ನಿಂತರೂ ಟ್ಯಾಂಕಿನಲ್ಲಿ ನೀರಿರುವ ತನಕ ಅಡುಗೆಮನೆಯ ನಲ್ಲಿಗೆ ಅದರ ಸುಳಿವು ಹತ್ತುವುದಿಲ್ಲ.

ಇಷ್ಟು ತಿಳಿದ ಮೇಲೆ ನೋಡುಗರು ಒಂದೇ ಹೆಸರಿನಿಂದ ಕರೆಯುವ ತೊಂದರೆ ಮೂರಾಗಿ ಒಡೆಯುತ್ತದೆ. ಚಿತ್ರ ಮಸುಕಾಗಿಯೂ ನಿಲ್ಲದೆ ಓಡುತ್ತಿದ್ದರೆ ಅದು ಸಾಮಾನ್ಯವಾಗಿ ಕೆಟ್ಟ ಸ್ಥಿತಿಯಲ್ಲ, ಬರುವ ನೀರು ಕಡಿಮೆಯಾದುದನ್ನು ಕಂಡು ಆ್ಯಪ್ ಜಾಣತನದಿಂದ ಮಾಡಿಕೊಂಡ ಹೊಂದಾಣಿಕೆ. ಚಕ್ರ ಸುತ್ತಿದರೆ ಟ್ಯಾಂಕು ಬರಿದಾಗಿದೆ. ಟ್ಯಾಂಕು ತುಂಬಿದ್ದೂ ಚಿತ್ರ ಮುಗ್ಗರಿಸುತ್ತಿದ್ದರೆ ತಪ್ಪು ಜಾಲದ್ದಲ್ಲ, ಬಂದ ತುಣುಕನ್ನು ಬಿಡಿಸಿ ಚಿತ್ರವಾಗಿಸುವ ಟಿವಿಯ ಚಿಪ್ಪಿನದು. ಇವುಗಳನ್ನು ಬೇರ್ಪಡಿಸುವುದಕ್ಕೆ ತಂತ್ರಜ್ಞನೇ ಬೇಕೆಂದಿಲ್ಲ. ಯೂಟ್ಯೂಬ್‌ನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬ ಆಯ್ಕೆಯನ್ನು ಒತ್ತಿದರೆ ಜಾಲದ ವೇಗ, ಬಫರಿನಲ್ಲಿ ಎಷ್ಟು ಸೆಕೆಂಡಿನ ಚಿತ್ರ ಉಳಿದಿದೆ, ಎಷ್ಟು ಫ್ರೇಮುಗಳು ಬಿಟ್ಟುಹೋದವು ಎಂಬ ಅಂಕಿಗಳು ಪರದೆಯ ಮೂಲೆಯಲ್ಲೇ ಕಾಣುತ್ತವೆ. ಬಫರಿನ ಅಂಕಿ ಸೊನ್ನೆಯತ್ತ ಜಾರುತ್ತಿದ್ದರೆ ಜಾಲವನ್ನು ಹುಡುಕಬೇಕು. ಅದು ಗಟ್ಟಿಯಾಗಿದ್ದು ಬಿಟ್ಟುಹೋದ ಫ್ರೇಮುಗಳ ಎಣಿಕೆ ಏರುತ್ತಿದ್ದರೆ ಟಿವಿಯನ್ನು ಹುಡುಕಬೇಕು. ನಾಡಿ ಹಿಡಿಯುವ ಇಂಥ ಸಾಧನಕ್ಕೆ ಅತಿಬುದ್ಧಿವಂತರಿಗೆಂದು ಗೇಲಿಯ ಹೆಸರಿಟ್ಟು ಮರೆಯಲ್ಲಿರಿಸಿ, ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂಬ ಅರ್ಥದ ಬರಿಯ ಸಂದೇಶವನ್ನು ಮುಂದೆ ಮಾಡಿರುವುದು ಈ ಉದ್ಯಮವು ತನ್ನ ನೋಡುಗರನ್ನು ಎಷ್ಟರವರೆಂದು ಬಗೆದಿದೆ ಎಂಬುದನ್ನು ಹೇಳುತ್ತದೆ.

ಆಫ್ ಮಾಡಿ ಆನ್ ಮಾಡುವ ಉಪಚಾರಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಕಡಿಮೆ ಬೆಲೆಯ ಟಿವಿಗಳಲ್ಲಿ ಒಂದು ಅಥವಾ ಒಂದೂವರೆ ಗಿಗಾಬೈಟ್ ರ‍್ಯಾಮ್ ಇರುವುದು ಸಾಮಾನ್ಯ, ಅದರಲ್ಲಿಯೇ ಹಲವು ಆ್ಯಪ್‌ಗಳು ಜಾಗಕ್ಕಾಗಿ ಕಿತ್ತಾಡುವುದೂ ಸಾಮಾನ್ಯ. ವಿದ್ಯುತ್ ಕಡಿದಾಗ ಆ ಜಂಜಾಟವೆಲ್ಲ ಒಮ್ಮೆಗೇ ತೊಳೆದುಹೋಗುತ್ತದೆ. ಆದರೆ ರಿಮೋಟಿನ ಕೆಂಪು ಗುಂಡಿ ಒತ್ತಿದಾಗ ಹೆಚ್ಚಿನ ಟಿವಿಗಳು ಆಫ್ ಆಗುವುದಿಲ್ಲ, ಹಳೆಯ ಗೋಜಲನ್ನೆಲ್ಲ ನೆನಪಿನಲ್ಲಿಟ್ಟುಕೊಂಡೇ ಸ್ಟ್ಯಾಂಡ್‌ಬೈ ಎಂಬ ತೂಕಡಿಕೆಗೆ ಜಾರುತ್ತವೆ ಎಂಬುದನ್ನು ಸ್ಪಷ್ಟವಾಗಿ ಹೇಳುವ ಸಲಹೆಗಳು ವಿರಳ. ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದರೆ ಮಾತ್ರ ಆ ಉಪಚಾರ ನಡೆದಂತೆ. ಇನ್ನೊಂದು ತೊಡಕೂ ಇದೆ. ಮರುಚಾಲನೆಯಿಂದ ತೊಂದರೆ ಹೋದರೂ ಅದರ ಜೊತೆಗೆ ಸಾಕ್ಷ್ಯವೂ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಜಾಲದ ದಟ್ಟಣೆಯಿಂದ ನಿಂತ ಚಿತ್ರ ಹತ್ತಕ್ಕೆ ತಾನಾಗಿಯೇ ಓಡಬಹುದಾಗಿದ್ದರೂ ಅದರ ಕೀರ್ತಿ ನಡುವೆ ಕಿತ್ತು ಹಾಕಿದ ಪ್ಲಗ್ಗಿಗೆ ಸಲ್ಲುತ್ತದೆ.

ವೇಗದ ಕುರಿತ ಸಲಹೆಗಳಂತೂ ಇನ್ನಷ್ಟು ದಾರಿ ತಪ್ಪಿಸುತ್ತವೆ. ನೆಟ್‌ಫ್ಲಿಕ್ಸ್ ಶಿಫಾರಸು ಮಾಡುವ ವೇಗ ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್. ಮನೆಗೆ 50 ಅಥವಾ 100 ಮೆಗಾಬಿಟ್‌ನ ಫೈಬರ್ ಸಂಪರ್ಕ ಇದ್ದರೂ ಚಿತ್ರ ನಿಲ್ಲುತ್ತದೆಂದರೆ ಕೊರತೆ ಬಹುಮಟ್ಟಿಗೆ ಬೀದಿಯ ತಂತಿಯಲ್ಲಿಲ್ಲ, ರೂಟರಿನಿಂದ ಟಿವಿಯವರೆಗಿನ ಕೊನೆಯ ಹತ್ತು ಮಾರಿನಲ್ಲಿದೆ. ಆದರೂ ಇನ್ನೂ ದೊಡ್ಡ ಪ್ಲಾನಿಗೆ ಬದಲಾಯಿಸಿಕೊಳ್ಳುವ ಸಲಹೆಯೇ ಮೊದಲು ಬರುತ್ತದೆ. ಕೇಬಲ್ ಒಳಬಂದ ಬಾಗಿಲ ಪಕ್ಕದ ಮೊಳೆಗೆ ರೂಟರನ್ನು ತೂಗಹಾಕಿ, ಎರಡು ಗೋಡೆ ದಾಟಿದ ಕೋಣೆಯಲ್ಲಿ ಟಿವಿ ಇರಿಸುವುದು ವಾಡಿಕೆ. ವೈಫೈ ಸಂಚರಿಸುವ ಎರಡು ಮುಖ್ಯ ತರಂಗಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್‌ನದು ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದು ಸಾಮಾನ್ಯವಾಗಿ ಬಳಸುವವು 1, 6 ಮತ್ತು 11 ಎಂಬ ಮೂರು ಮಾತ್ರ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳ ರೂಟರುಗಳೆಲ್ಲ ಈ ಮೂರರೊಳಗೇ ನೂಕಾಡುತ್ತವೆ. ಮೈಕ್ರೋವೇವ್ ಒಲೆ ಕೂಡ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್‌ನ ಪಟ್ಟಿ ವಿಶಾಲವೂ ವೇಗದ್ದೂ ಹೌದು, ಕಾಂಕ್ರೀಟ್ ಗೋಡೆಯ ಮುಂದೆ ಮಾತ್ರ ಬೇಗ ಸೋಲುತ್ತದೆ. ರೂಟರಿನ ಪಕ್ಕ ನಿಂತು ಮೊಬೈಲಿನಲ್ಲಿ ವೇಗ ಅಳೆದು ‘ಇಂಟರ್ನೆಟ್ ಸರಿಯಾಗಿದೆ’ ಎನ್ನುವುದು ಸಂಪಿನಲ್ಲಿ ನೀರಿದೆಯೆಂದು ನಲ್ಲಿಯ ಮಾತನ್ನು ಮುಗಿಸಿದಂತೆ. ಟಿವಿಯೊಳಗಿನಿಂದಲೇ ಅಳೆಯಬೇಕು, ಸಾಧ್ಯವಾದರೆ ಒಂದು ಸಂಜೆಯ ಮಟ್ಟಿಗೆ ರೂಟರಿನಿಂದ ಟಿವಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆದು ನೋಡಬೇಕು; ಹೆಚ್ಚಿನ ಟಿವಿಗಳಲ್ಲಿರುವ ಲ್ಯಾನ್ ಕಿಂಡಿಯ ಮಿತಿ 100 ಮೆಗಾಬಿಟ್ ಮಾತ್ರವಾದರೂ 15 ಮೆಗಾಬಿಟ್ ಬೇಡುವ ಚಿತ್ರಕ್ಕೆ ಅದು ಧಾರಾಳ. ಕೇಬಲಿನಲ್ಲಿ ಚಿತ್ರ ನಿಲ್ಲದಿದ್ದರೆ ವೈಫೈ ಸಿಕ್ಕಿಬಿದ್ದಿತು. ಇಷ್ಟು ಅಗ್ಗದ, ಇಷ್ಟು ನಿಖರವಾದ ಪರೀಕ್ಷೆ ಮೊದಲು ಬರುವ ಬದಲು, ಬಂದರೆ, ಪಟ್ಟಿಯ ತಳದಲ್ಲಿ ಬರುತ್ತದೆ.

ಡಿಎನ್‌ಎಸ್ ಬದಲಿಸುವ ಸಲಹೆಗೆ ಹೆಚ್ಚು ಮಾತು ಬೇಕಿಲ್ಲ. ಜಾಲತಾಣದ ಹೆಸರನ್ನು ವಿಳಾಸದ ಅಂಕಿಗಳಾಗಿಸುವ ಆ ವ್ಯವಸ್ಥೆ ದೂರವಾಣಿ ಡೈರೆಕ್ಟರಿಯಂಥದು; ಡೈರೆಕ್ಟರಿ ಬದಲಿಸಿದರೆ ಲೈನು ದಪ್ಪಗಾಗುವುದಿಲ್ಲ.

ಇಡೀ ರೂಢಿಯ ಹಿಂದಿರುವ ದೊಡ್ಡ ಗೃಹೀತವೆಂದರೆ ತಪ್ಪು ಮನೆಯೊಳಗೇ ಇದೆ ಎಂಬುದು. 2024ರ ನವೆಂಬರ್ 15ರಂದು ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದ ಮೈಕ್ ಟೈಸನ್ ಮತ್ತು ಜೇಕ್ ಪಾಲ್ ನಡುವಿನ ಬಾಕ್ಸಿಂಗ್ ಪಂದ್ಯವನ್ನು ನೆಟ್‌ಫ್ಲಿಕ್ಸ್ ನೇರಪ್ರಸಾರ ಮಾಡಿದಾಗ ಅಪಾರ ಸಂಖ್ಯೆಯ ಮನೆಗಳಲ್ಲಿ ಚಿತ್ರ ಪದೇ ಪದೇ ನಿಂತಿತು. ಕಂಪನಿಯೇ ಹೇಳಿದಂತೆ ಒಂದು ಹಂತದಲ್ಲಿ ಏಕಕಾಲಕ್ಕೆ 6.5 ಕೋಟಿ ಸ್ಟ್ರೀಮ್‌ಗಳು ನಡೆದಿದ್ದ ಆ ರಾತ್ರಿ ಮನೆಯ ರೂಟರನ್ನು ಎಷ್ಟು ಬಾರಿ ಆಫ್ ಮಾಡಿದ್ದರೂ ಫಲವಿರಲಿಲ್ಲ. ನೇರಪ್ರಸಾರದಲ್ಲಿ ಮುಂದಿನ ಕ್ಷಣ ಇನ್ನೂ ನಡೆದಿರುವುದೇ ಇಲ್ಲವಾದ್ದರಿಂದ ಟ್ಯಾಂಕು ತುಂಬಿಸಿಕೊಳ್ಳುವ ಅವಕಾಶವೇ ಕಿರಿದು, ಅಷ್ಟನ್ನು ತುಂಬಿಸಿಕೊಳ್ಳುವುದಕ್ಕೂ ಪ್ರಸಾರ ಕೆಲವು ಕ್ಷಣ ಹಿಂದುಳಿಯಬೇಕು. ಸಿನಿಮಾ ಸರಾಗವಾಗಿ ಓಡುವ ಟಿವಿಯಲ್ಲಿಯೇ ಕ್ರಿಕೆಟ್ ನಿಲ್ಲುವುದಕ್ಕೂ, ಪಕ್ಕದ ಮನೆಯ ಡಿಶ್‌ನಲ್ಲಿ ವಿಕೆಟ್ ಬಿದ್ದ ಕೂಗು ಮೊದಲು ಕೇಳಿ ಆಮೇಲೆ ಇಲ್ಲಿ ಬೌಲರ್ ಓಡಿಬರುವುದಕ್ಕೂ ಇದೇ ಕಾರಣ. ಇವು ಕೆಟ್ಟದ್ದರ ಗುರುತುಗಳಲ್ಲ, ವಿಧಾನದ ಸ್ವಭಾವ. ಪಕ್ಕದ ಮನೆಯವರಲ್ಲೊಮ್ಮೆ ವಿಚಾರಿಸುವುದು ಪ್ಲಗ್ ಕೀಳುವುದಕ್ಕಿಂತ ಮುಂಚಿನ ಹೆಜ್ಜೆಯಾಗಬೇಕಿತ್ತು.

ಫ್ಯಾಕ್ಟರಿ ರೀಸೆಟ್ ಎಲ್ಲಕ್ಕಿಂತ ಒರಟಾದ ಮದ್ದು, ಕೆಲವೊಮ್ಮೆ ಅದೇ ರೋಗವೂ ಆಗುತ್ತದೆ. ಟಿವಿ ಮತ್ತು ಸರ್ವರ್ ಪರಸ್ಪರ ಗುರುತು ಹಚ್ಚುವುದು ಅವಧಿ ನಮೂದಾಗಿರುವ ಡಿಜಿಟಲ್ ಪ್ರಮಾಣಪತ್ರಗಳಿಂದ. ಟಿವಿಯ ಗಡಿಯಾರದಲ್ಲಿ ದಿನಾಂಕ ತಪ್ಪಿದರೂ ಸಾಕು, ಪ್ರಮಾಣಪತ್ರ ಅಸಿಂಧುವಾಗಿ ಕಂಡು, ಗಟ್ಟಿಯಾದ ಜಾಲವಿದ್ದೂ ಸಂಪರ್ಕವೇ ಇಲ್ಲವೆಂಬ ಸಂದೇಶ ಬರುತ್ತದೆ. 2015ರಲ್ಲಿ ಬಂದ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್, ಅಂದರೆ ಟಿವಿಗೆ ಸಿಕ್ಕಿಸುವ ಗೂಗಲ್‌ನ ಪುಟ್ಟ ಸ್ಟ್ರೀಮಿಂಗ್ ಸಾಧನ, 2025ರ ಮಾರ್ಚ್ 9ರಂದು ಲೋಕದೆಲ್ಲೆಡೆ ಒಮ್ಮೆಗೇ ಮುಷ್ಕರ ಹೂಡಿತು. ಹತ್ತು ವರ್ಷದ ಅವಧಿಯ ಪ್ರಮಾಣಪತ್ರವೊಂದು ಮುಗಿದಿದ್ದೇ ಕಾರಣ. ರೀಸೆಟ್ ಮಾಡಬೇಡಿರೆಂದು ಗೂಗಲ್ ತಾನೇ ಸೂಚಿಸುವ ಹೊತ್ತಿಗೆ ಎಷ್ಟೋ ಬಳಕೆದಾರರು ರೂಢಿಯಂತೆ ಅದನ್ನು ಮಾಡಿ ಮುಗಿಸಿದ್ದರು. ಉಳಿದವರ ಸಾಧನಗಳಿಗೆ ಕೆಲವೇ ದಿನಗಳಲ್ಲಿ ತಿದ್ದುಪಡಿ ತಾನಾಗಿಯೇ ಬಂದು ಸೇರಿತು. ರೀಸೆಟ್ ಮಾಡಿದವರ ಸಾಧನಗಳು ವೈಫೈ ಗುಪ್ತಪದವನ್ನೂ ಮರೆತಿದ್ದರಿಂದ ಅವುಗಳನ್ನು ಮತ್ತೆ ಜೋಡಿಸಲು ಫೋನಿನಲ್ಲಿರುವ ಗೂಗಲ್ ಹೋಮ್ ಆ್ಯಪನ್ನೇ ಬೇರೆಯಾಗಿ ತಿದ್ದಬೇಕಾಯಿತು.