ಕೊಪ್ಪೊಲಾ ಮಾತಿನ ಜೊತೆ ಗಾಡ್‌ಫಾದರ್

ಇಷ್ಟದ ಚಿತ್ರವನ್ನು ನಿರ್ದೇಶಕರ ಕಾಮೆಂಟರಿ ಹಾಕಿಕೊಂಡು ನೋಡುವುದು ಕೆಲವರಿಗೆ ಹಬ್ಬ, ಕೆಲವರಿಗೆ ರಸಭಂಗ. ಇಬ್ಬರೂ ಒಂದು ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡಿರುತ್ತಾರೆ: ನಿರ್ದೇಶಕರು ಮೈಕಿನ ಮುಂದೆ ಕೂತಿರುವುದು ಚಿತ್ರದ ಅರ್ಥ ಬಿಡಿಸಿ ಹೇಳಲು ಎಂದು. ನನ್ನ ತಕರಾರು ಇರುವುದು ಅಲ್ಲೇ. ಒಳ್ಳೆಯ ಕಾಮೆಂಟರಿಯಲ್ಲಿ ಅರ್ಥದ ಮಾತು ಕಡಿಮೆ, ಕೆಲಸದ ಮಾತು ಹೆಚ್ಚು. ಅಷ್ಟಕ್ಕೂ ಈ ಪದ್ಧತಿ ಶುರುವಾದದ್ದು ನಿರ್ದೇಶಕರಿಂದಲೂ ಅಲ್ಲ. 1933ರ ‘ಕಿಂಗ್ ಕಾಂಗ್’ ಚಿತ್ರವನ್ನು 1984ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಲೇಸರ್‌ಡಿಸ್ಕಿನಲ್ಲಿ ತಂದಾಗ, ಅದರ ಎರಡನೇ ಧ್ವನಿಪಥದಲ್ಲಿ ಮಾತಾಡಿದವರು ರೊನಾಲ್ಡ್ ಹೇವರ್ ಎಂಬ ಚಿತ್ರ ಇತಿಹಾಸಕಾರರು. ನಿರ್ದೇಶಕರು ಆಮೇಲೆ ಬಂದರು. ಡಿವಿಡಿ ಕಾಲದಲ್ಲಿ ದಂಡಿಯಾಗಿ ಬಂದರು. ಅವರಲ್ಲಿ ಅರ್ಧದಷ್ಟು ಮಂದಿ ನಟರನ್ನು ಹೊಗಳಿಯೇ ಎರಡು ಗಂಟೆ ಕಳೆದರು ಎನ್ನುವುದನ್ನೂ ಒಪ್ಪಿಕೊಳ್ಳೋಣ.

ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ 2001ರ ಡಿವಿಡಿಗಾಗಿ ‘ದಿ ಗಾಡ್‌ಫಾದರ್’ ಮೇಲೆ ಆಡಿರುವ ಮಾತು ಆ ಜಾತಿಯದಲ್ಲ. ಚಿತ್ರ 1972ರದು, ಜಗತ್ತು ಅದನ್ನು ಮೇರುಕೃತಿ ಎಂದು ಒಪ್ಪಿ ದಶಕಗಳೇ ಕಳೆದಿದ್ದವು. ಆದರೂ ಆ ದನಿಯಲ್ಲಿ ಕೇಳುವುದು ಯಾವ ದಿನ ಕೆಲಸದಿಂದ ತೆಗೆಯುತ್ತಾರೋ ಎಂದು ನಡುಗುತ್ತಿದ್ದ ಮೂವತ್ತೆರಡರ ಹುಡುಗನ ದಿಗಿಲು. ಸ್ಟುಡಿಯೋಗೆ ಡಾನ್ ಪಾತ್ರಕ್ಕೆ ಬ್ರಾಂಡೋ ಬೇಡವಾಗಿದ್ದರು, ಮೈಕೆಲ್ ಪಾತ್ರಕ್ಕೆ ಪಚಿನೋ ಮೊದಲೇ ಬೇಡವಾಗಿದ್ದರು. ಇದು ಎಲ್ಲ ಪುಸ್ತಕಗಳಲ್ಲೂ ಇದೆ. ಪುಸ್ತಕ ಕೊಡಲಾರದ್ದು ಲೂಕಾ ಬ್ರಾಸಿಯ ದೃಶ್ಯದಲ್ಲಿ ಸಿಗುತ್ತದೆ. ಆ ಪಾತ್ರ ಮಾಡಿದ ಲೆನ್ನಿ ಮೊಂಟಾನಾ ಮೊದಲು ಕುಸ್ತಿಪಟು. ಬ್ರಾಂಡೋ ಎದುರಿಗೆ ಬಂದಾಗ ನಾಲಿಗೆ ತೊಡರಿ ಮಾತು ತಪ್ಪಿತು. ಕೊಪ್ಪೊಲಾ ಆ ತಪ್ಪನ್ನೇ ಇಟ್ಟುಕೊಂಡರು. ಅದಕ್ಕೊಂದು ಕಾರಣ ಬೇಕಲ್ಲ ಎಂದು, ಮದುವೆಯ ಗದ್ದಲದ ನಡುವೆ ಲೂಕಾ ಒಬ್ಬನೇ ಕೂತು ಡಾನ್‌ಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುವ ಶಾಟನ್ನು ಆಮೇಲೆ ಚಿತ್ರಿಸಿ ಈ ದೃಶ್ಯಕ್ಕೆ ಮೊದಲು ಸೇರಿಸಿದರು. ನಟನ ಭಯ ಪಾತ್ರದ ಭಯವಾಯಿತು. ಡಾನ್ ಎಂಥವನು ಎಂದು ನಮಗೆ ಅರ್ಥವಾಗುವುದು ಆ ಒರಟ ತೊದಲುವುದರಿಂದ. ಆಸ್ಪತ್ರೆಯ ದೃಶ್ಯದ ಕತೆಯೂ ಇಂಥದೇ. ಆತಂಕ ಕಟ್ಟಲು ಬೇಕಾದಷ್ಟು ಫಿಲ್ಮ್ ಇರಲಿಲ್ಲ. ಸಂಕಲನದ ಹೊತ್ತಿಗೆ ನೆರವಿಗೆ ಬಂದ ಜಾರ್ಜ್ ಲೂಕಾಸ್, ಟೇಕ್‌ಗಳ ಅಂಚಿನಲ್ಲಿ, ‘ಕಟ್’ ಹೇಳಿದ ಮೇಲೂ ಕ್ಯಾಮೆರಾ ಓಡಿದ್ದ ತುಣುಕುಗಳಲ್ಲಿ ಖಾಲಿ ಕಾರಿಡಾರನ್ನು ಹುಡುಕಿ ತೆಗೆದರು. ನಾವು ಉಸಿರು ಬಿಗಿಹಿಡಿದು ನೋಡುವ ಆ ಖಾಲಿತನ ಯಾರೂ ಉದ್ದೇಶಪಟ್ಟು ಚಿತ್ರಿಸಿದ್ದಲ್ಲ.

ಮೂವತ್ತು ವರ್ಷದ ಹಿಂದಿನದನ್ನು ನೆನೆದು ಹೇಳುವವರ ಮಾತನ್ನು ನಂಬುವುದು ಹೇಗೆ ಎಂದು ಕೇಳಬಹುದು. ನೂರು ಸಲ ಹೇಳಿದ ಕತೆ ನುಣುಪಾಗಿರುತ್ತದೆ, ನಿಜ. ಆದರೆ ಕಾಮೆಂಟರಿ ಸಂದರ್ಶನದಂತಲ್ಲ. ಹೇಳುತ್ತಿರುವ ಗಳಿಗೆಯಲ್ಲೇ ಪುರಾವೆ ಕಣ್ಣೆದುರು ಓಡುತ್ತಿರುತ್ತದೆ. ಮೊಂಟಾನಾ ತೊದಲುವುದು ಪರದೆಯ ಮೇಲಿದೆ. ಕಾರಿಡಾರಿನಲ್ಲಿ ಯಾರೂ ಇಲ್ಲದಿರುವುದೂ ಅಲ್ಲೇ ಇದೆ. ನಮ್ಮ ಗಮಕದಲ್ಲಿ ವಾಚನ ನಿಂತ ಮೇಲೆ ವ್ಯಾಖ್ಯಾನ. ಕುಮಾರವ್ಯಾಸನ ಪದ್ಯ ವ್ಯಾಖ್ಯಾನಕಾರರಿಗಾಗಿ ಕಾಯುತ್ತದೆ. ಚಿತ್ರ ಯಾರಿಗೂ ಕಾಯುವುದಿಲ್ಲ. ಮಾತು ಬೆಳೆಸಲು ಹೋದರೆ ಮುಂದಿನ ಶಾಟ್ ಬಂದು ಬಾಯಿ ಕಟ್ಟುತ್ತದೆ, ಮರೆತದ್ದನ್ನು ಎಳೆದು ಹೊರಗೆ ಹಾಕುತ್ತದೆ. ಸ್ಟೀವನ್ ಸೋಡರ್‌ಬರ್ಗ್ ತಮ್ಮ ‘ದಿ ಲೈಮಿ’ಗೆ ಇನ್ನೊಂದು ಉಪಾಯ ಮಾಡಿದರು. ಚಿತ್ರಕತೆ ಬರೆದ ಲೆಮ್ ಡಾಬ್ಸ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು, ಡಾಬ್ಸ್ ತಾವು ಬರೆದದ್ದಕ್ಕೆ ಏನೇನು ಗತಿಯಾಯಿತು ಎಂದು ಚಿತ್ರದುದ್ದಕ್ಕೂ ಜಗಳ ತೆಗೆದರು. ಹೊಗಳಿಕೆಯ ಹತ್ತು ಕಾಮೆಂಟರಿಗಳಿಗಿಂತ ಆ ಒಂದು ಜಗಳ ಹೆಚ್ಚು ಕಲಿಸುತ್ತದೆ.

ಗಂಭೀರವಾದ ಆಕ್ಷೇಪ ನಿರ್ದೇಶಕ ಡೇವಿಡ್ ಲಿಂಚ್ ಅವರದು. ಚಿತ್ರ ತಾನೇ ಮಾತಾಡಬೇಕು ಎಂಬ ಹಟದಿಂದ ಅವರು ಕಾಮೆಂಟರಿಗಳಿಂದ ದೂರವೇ ಉಳಿದರು. ಅರ್ಥದ ಮಟ್ಟಿಗೆ ನಾನು ಲಿಂಚ್ ಪಕ್ಷ. ‘ಬ್ಲೇಡ್ ರನ್ನರ್’ನ ಡೆಕರ್ಡ್ ಯಂತ್ರಮಾನವನೇ ಎಂದು ನಿರ್ದೇಶಕ ರಿಡ್ಲಿ ಸ್ಕಾಟ್ ಖಚಿತವಾಗಿ ಹೇಳಿದ್ದಾರೆ, ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಅವನು ಮನುಷ್ಯ ಎಂದು ಬಹುಕಾಲ ವಾದಿಸಿದರು. ಇಲ್ಲಿ ಸ್ಕಾಟ್ ಮಾತಿಗೆ ಒಬ್ಬ ಜಾಣ ಪ್ರೇಕ್ಷಕನ ಮಾತಿಗಿಂತ ಹೆಚ್ಚಿನ ತೂಕ ಕೊಡಬೇಕಾಗಿಲ್ಲ, ಏಕೆಂದರೆ ಅದನ್ನು ಪರದೆಯ ಮೇಲೆ ಒರೆಗೆ ಹಚ್ಚಲಾಗದು. ಆದರೆ ಯಾವ ದೀಪ ಎಲ್ಲಿತ್ತು, ಯಾವ ಶಾಟ್ ಯಾರ ಒತ್ತಾಯದಿಂದ ಬಂತು ಎಂಬುದರಲ್ಲಿ ನಿರ್ದೇಶಕ ಕಣ್ಣಾರೆ ಕಂಡ ಸಾಕ್ಷಿ. ಸಾಕ್ಷಿ ಹೇಳುವುದಕ್ಕೂ ತೀರ್ಪು ಕೊಡುವುದಕ್ಕೂ ಇರುವ ಅಂತರ ತಿಳಿದ ನೋಡುಗನಿಗೆ ಕಾಮೆಂಟರಿಯಿಂದ ಕೇಡಿಲ್ಲ. ಇನ್ನು ಚಿತ್ರದ ಸದ್ದು ನಷ್ಟವಾಗುತ್ತದೆ ಎಂಬ ದೂರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ‘ಗಾಡ್‌ಫಾದರ್’ನಲ್ಲಿ, ಹೋಟೆಲಿನಲ್ಲಿ ಮೈಕೆಲ್ ಪಿಸ್ತೂಲೆತ್ತುವ ಮುನ್ನ ಏರುತ್ತ ಬರುವ ರೈಲಿನ ಕರ್ಕಶ ಸದ್ದು, ವಾಲ್ಟರ್ ಮರ್ಚ್ ಸಂಗೀತದ ಬದಲಿಗೆ ಬಳಸಿದ ಸದ್ದು, ಯಾರ ಮಾತಿನಡಿಯೂ ಹೂತುಹೋಗಬಾರದು. ಅದಕ್ಕೇ ಕಾಮೆಂಟರಿ ಇರುವುದು ಇಷ್ಟದ ಚಿತ್ರಕ್ಕೆ, ಕಿವಿಗೆ ಪೂರ್ತಿ ಪಾಠವಾದ ಚಿತ್ರಕ್ಕೆ ಮಾತ್ರ. ಮೊದಲ ಸಲ ನೋಡುವವರು ಅದನ್ನು ಒತ್ತಬಾರದು.

ಡಿಸ್ಕುಗಳು ಅಂಗಡಿಯಿಂದ ಮಾಯವಾದವು, ಮನೆಮನೆಗೆ ಬಂದ ಸ್ಟ್ರೀಮಿಂಗ್ ಸೇವೆಗಳು ಕಾಮೆಂಟರಿಯ ಗೊಡವೆಗೆ ಹೋಗಿದ್ದು ಅಪರೂಪ. ನಮ್ಮ ಭಾಷೆಯಲ್ಲಂತೂ ಈ ಪದ್ಧತಿ ಬೇರೂರುವ ಮೊದಲೇ ಅದರ ಕಾಲ ಮುಗಿಯಿತು. ಪುಟ್ಟಣ್ಣ ಕಣಗಾಲ್ 1985ರಲ್ಲೇ ತೀರಿಕೊಂಡರು, ‘ನಾಗರಹಾವು’ ಬಗ್ಗೆ ಶಾಟ್ ಶಾಟಿಗೆ ಅವರನ್ನು ಕೇಳುವ ಅವಕಾಶ ಇಲ್ಲ. ಆದರೆ 1977ರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿದೆ. ಕತೆ ಬರೆದ ಅನಂತಮೂರ್ತಿ, ಸಂಗೀತ ಕೊಟ್ಟ ಕಾರಂತ, ಕ್ಯಾಮೆರಾ ಹಿಡಿದ ಎಸ್. ರಾಮಚಂದ್ರ ಮೂವರೂ ಇಲ್ಲ. ನಿರ್ದೇಶಿಸಿದ ಗಿರೀಶ ಕಾಸರವಳ್ಳಿ ಇದ್ದಾರೆ. ಅದು ಅವರ ಮೊದಲ ಕಥಾಚಿತ್ರ. ಕೈಯಲ್ಲಿ ಏನಿರಲಿಲ್ಲ, ಅದಕ್ಕೆ ಬದಲು ಏನು ಮಾಡಿದೆವು ಎಂದು ಪ್ರತಿ ಶಾಟಿಗೂ ಹೇಳಬಲ್ಲವರು. ರಾಮಚಂದ್ರ ಆ ಕಪ್ಪು-ಬಿಳುಪಿಗೆ ಯಾವ ಹೊತ್ತಿನ ಬೆಳಕಿಗಾಗಿ ಕಾದರು ಎಂಬಲ್ಲಿಂದ ಶುರುಮಾಡಬಹುದು.