ಹೊಸ ಧರ್ಮಕ್ಕೆ ಬಂದವನ ಮಾತು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ಬೆಟ್ಟದಲ್ಲಿ ಅಶೋಕನ ಶಾಸನವಿದೆಯೆಂದು ಶಾಲೆಯ ಮಕ್ಕಳಿಗೂ ಗೊತ್ತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಇದನ್ನು ಪತ್ತೆಹಚ್ಚಿದರು. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳ 'ದೇವಾನಾಂಪಿಯ' ಅಶೋಕನೇ ಎಂದು ಖಚಿತವಾದದ್ದು ಈ ಕಲ್ಲಿನಿಂದ. ನಮ್ಮ ಪಾಠ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಹೆಸರು ಸಿಕ್ಕಿತು, ಪರೀಕ್ಷೆಯಲ್ಲಿ ಒಂದು ಅಂಕವೂ ಸಿಕ್ಕಿತು. ಆದರೆ ಆ ಹೆಸರಿನವನು ಹೇಳಿದ್ದೇನು?

ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆಯಿತು, ಸಂಘದ ಬಳಿಗೆ ಹೋದ ಮೇಲೆ ಶ್ರದ್ಧೆ ಬಲಿಯಿತು ಎನ್ನುತ್ತಾನೆ. ಇದೇ ಮಾತಿನ ಬ್ರಹ್ಮಗಿರಿ ಪಾಠದಲ್ಲಿ, ಮೊದಲ ಒಂದು ವರ್ಷ ತನ್ನಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಧರ್ಮ ಬದಲಿಸಿದ ಒಬ್ಬ ಮನುಷ್ಯನ ಮಾತಿದು. ಒಂದೇ ರಾತ್ರಿಯಲ್ಲಿ ಬೆಳಕು ಕಂಡೆನೆಂಬ ಬಡಾಯಿ ಇಲ್ಲಿಲ್ಲ, ಬಿಟ್ಟು ಬಂದ ದಾರಿಯ ನಿಂದೆಯೂ ಇಲ್ಲ. ದೊಡ್ಡವರಿಗೆ ಮಾತ್ರ ಈ ಗುರಿ ಎಟಕುತ್ತದೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವರಿಗೂ ಎಟಕುತ್ತದೆ ಎಂಬುದು ಮಸ್ಕಿಯ ಶಾಸನದ ತಿರುಳು. ಬರಹವಾಗಿ ಇದರ ಬಲವಿರುವುದು ಈ ಸರಳತೆಯಲ್ಲೇ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಇದು ರಾಜನ ಮಾತು. ಅವನ ಶ್ರದ್ಧೆಯನ್ನು ಪ್ರಶ್ನಿಸುವ ಧೈರ್ಯ ಯಾರಿಗಿತ್ತು? ಅಧಿಕಾರವಿಲ್ಲದವರು ಹೊಸ ಧರ್ಮದಲ್ಲಿ ಮುಂದಾಳಾಗುವುದು ಬೇರೆಯೇ ಕತೆ. ಅಮೆರಿಕದ ಅಲೀಸಾ ಸ್ಟ್ಯಾಂಟನ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, 24ನೆಯ ವಯಸ್ಸಿನಲ್ಲಿ ಯಹೂದಿ ಧರ್ಮ ಸ್ವೀಕರಿಸಿದವರು. 2009ರಲ್ಲಿ ಸಿನ್ಸಿನಾಟಿಯಲ್ಲಿ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಆಗಿ ದೀಕ್ಷೆ ಪಡೆದರು. ಆ ಸ್ಥಾನಕ್ಕೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು. ಬಿಳಿಯರೇ ಹೆಚ್ಚಿದ್ದ ಉತ್ತರ ಕೆರೊಲಿನಾದ ಒಂದು ಸಭೆಗೆ 2011ರವರೆಗೆ ಗುರುವಾಗಿದ್ದರು. ಅವರ ಹಿಂದೆ ಸೈನ್ಯವಿರಲಿಲ್ಲ. ಇದ್ದದ್ದು ವರ್ಷಗಳ ಓದು ಮತ್ತು ಸಭೆಯ ಒಪ್ಪಿಗೆ ಮಾತ್ರ. ಆದ್ದರಿಂದ ಇಲ್ಲಿ ಪರೀಕ್ಷೆಗೆ ಒಳಗಾದದ್ದು ಅವರೊಬ್ಬರೇ ಅಲ್ಲ, ಅವರನ್ನು ಗುರುವೆಂದು ಕರೆದ ಸಮುದಾಯವೂ ಹೌದು.

ಧರ್ಮ ಬದಲಿಸಿದವರನ್ನು ಕಂಡರೆ ನಮ್ಮಲ್ಲಿ ಎರಡೇ ಪ್ರಶ್ನೆ: ಯಾರು ಆಸೆ ತೋರಿಸಿದರು? ಮೊದಲು ಯಾವ ಜಾತಿ? ಬಿಟ್ಟುಕೊಟ್ಟವರು ಮೊದಲನೆಯದನ್ನು ಕೇಳಿದರೆ, ಬರಮಾಡಿಕೊಂಡವರು ಎರಡನೆಯದನ್ನು ಕೇಳುತ್ತಾರೆ. ಬಂದವರು ಮೊದಲ ದಿನ ಹಾರ ಹಾಕಿಸಿಕೊಳ್ಳುತ್ತಾರೆ. ಮದುವೆ ಸಂಬಂಧದ ಮಾತು ಬಂದಾಗ ಮತ್ತೆ ಹೊಸಬರಾಗುತ್ತಾರೆ. ಗುರುಪೀಠದ ಮಾತಂತೂ ದೂರವೇ ಉಳಿಯಿತು. ನಿಮಗೆ ಏನು ಸಿಕ್ಕಿತು, ನಮಗೇನು ಕಲಿಸಬಲ್ಲಿರಿ ಎಂದು ಕೇಳುವವರು ಕಡಿಮೆ.

ಮಸ್ಕಿಯ ಕಲ್ಲನ್ನು ಬರೀ ಇತಿಹಾಸದ ಗುರುತಾಗಿ ಕಾಪಾಡಿದರೆ ಸಾಲದು. ಸಣ್ಣವರಿಗೂ ಎಟಕುತ್ತದೆ ಎಂಬ ಮಾತನ್ನು ನಂಬುವ ಧರ್ಮ ಯಾವುದೇ ಇರಲಿ, ನಿನ್ನೆ ಬಂದವರಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಡಬೇಕು. ಬಾಗಿಲಲ್ಲಿ ಸ್ವಾಗತಿಸುವುದು ಸುಲಭ, ಅವರ ಹಿಂದೆ ನಿಲ್ಲುವುದು ಕಷ್ಟ.